ನೀರಿನಡಿ ದುಡಿದವರಿಗೆ ನಮಸ್ಕಾರ

ನಮ್ಮ ವಿದ್ಯುದಾಗಾರದ ಇನ್‌ಟೇಕ್‌ನಲ್ಲಿದ್ದ ಹಳೆಯ ಟ್ರ್ಯಾಶ್ ರ್ಯಾಕ್‌ಗಳನ್ನು, ಅಂದರೆ ನೀರು ಒಳಹೋಗುವ ಬಾಯಲ್ಲಿ ಕಸ ತಡೆಯುವ ಜಾಲರಿಗಳನ್ನು, ತೆಗೆದು ಹೊಸದನ್ನು ಕೂರಿಸುವ ಕೆಲಸ ಮಳೆಗಾಲಕ್ಕೆ ಮುಂಚೆಯೇ ಮುಗಿಯಿತು. ಆಮೇಲೆ ಮೊದಲ ದೊಡ್ಡ ಮಳೆ ಬಂತು. ಘಟ್ಟದ ಹಳ್ಳಗಳೆಲ್ಲ ಕೆಂಪಾಗಿ ಹರಿದು, ಬಿದಿರುಮೆಳೆ ಬುಡಸಮೇತ ತೇಲಿಬಂದರೂ ವಿದ್ಯುತ್ ತಯಾರಿಸುವ ಯೂನಿಟ್ ನಿಲ್ಲಲಿಲ್ಲ. ಇದಕ್ಕೆ ಕಾರಣರಾದವರಿಗೆ ಎಲ್ಲರೆದುರು ಕೈಮುಗಿಯಬೇಕು ಅನಿಸಿತು. ಅವರು ಮಾಡಿದ ಕೆಲಸ ನೀರೊಳಗಿದೆ. ಅಣೆಕಟ್ಟು ನೋಡಲು ಬರುವ ಯಾರ ಕಣ್ಣಿಗೂ ಬೀಳುವುದಿಲ್ಲ.

ಜಲಾಶಯದ ನೀರು ಟರ್ಬೈನಿಗೆ ಒಯ್ಯುವ ಪೆನ್‌ಸ್ಟಾಕ್ ಕೊಳವೆಗೆ ಇಳಿಯುವ ಬಾಯಿಗೆ ಉಕ್ಕಿನ ಪಟ್ಟಿಗಳ ಜಾಲರಿ ಇರುತ್ತದೆ. ಮರದ ದಿಮ್ಮಿ, ಅಡಿಕೆ ಸೋಗೆ, ಈಚೆಗಂತೂ ಪ್ಲಾಸ್ಟಿಕ್ ಚೀಲ, ಬಾಟಲಿ, ಎಲ್ಲವನ್ನೂ ತಡೆಯುವುದು ಅದೇ. ಒಂದು ದಿಮ್ಮಿ ನುಸುಳಿ, ಟರ್ಬೈನಿಗೆ ನೀರು ಬಿಡುವ ಗೈಡ್ ವೇನ್ ಎಂಬ ರೆಕ್ಕೆಗಳ ನಡುವೆ ಸಿಕ್ಕಿಕೊಂಡರೆ ಯಂತ್ರಕ್ಕೇ ಪೆಟ್ಟು. ನುಸುಳದೆ ಜಾಲರಿಗೆ ಕಟ್ಟಿಕೊಂಡರೂ ನಷ್ಟ ತಪ್ಪಿದ್ದಲ್ಲ. ಸೆಕೆಂಡಿಗೆ 100 ಘನ ಮೀಟರ್ ನೀರು ಹರಿಯುವ ಕಡೆ, ಜಾಲರಿ ದಾಟುವಷ್ಟರಲ್ಲಿ ನೀರಿನ ಮಟ್ಟ ಒಂದು ಮೀಟರ್ ಇಳಿದರೆ ಸುಮಾರು 900 ಕಿಲೋವ್ಯಾಟ್ ಉತ್ಪಾದನೆ ಹೋದಂತೆ. ಮೇಲಾಗಿ ರಭಸಕ್ಕೆ ಪಟ್ಟಿಗಳು ಸದಾ ಅದುರುತ್ತಿರುತ್ತವೆ. ತುಕ್ಕು ತಿಂದು ತೆಳುವಾದ ಪಟ್ಟಿಯ ವೆಲ್ಡಿಂಗ್ ಆ ಅದುರಿಗೇ ಬಿರುಕು ಬಿಡುತ್ತದೆ.

ಮೊದಲ ನಮಸ್ಕಾರ ನಮ್ಮ ನಿವೃತ್ತ ಫೋರ್‌ಮನ್ ಅವರಿಗೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ (ಅಣೆಕಟ್ಟಿನ ಮೇಲ್ಭಾಗದ ಗೇಟು) ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದದ್ದು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಉಕ್ಕಿನ ತಡೆಗಳನ್ನು ಇಳಿಸಿ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ನೀರು ತಡೆದದ್ದು ಎಲ್ಲರಿಗೂ ನೆನಪಿದೆ. ಆ ಸುದ್ದಿ ಕೇಳಿದವರೇ ನಮ್ಮ ಫೋರ್‌ಮನ್ ಆಫೀಸಿಗೆ ಬಂದು, “ಮೇಲಿನದು ಮುರಿದರೆ ಊರಿಗೆಲ್ಲ ಕಾಣ್ತದೆ ಸಾರ್, ಕೆಳಗಿನದನ್ನ ಯಾರು ನೋಡ್ತಾರೆ?” ಅಂದರು. ಜೊತೆಗೆ ತಮ್ಮ ಕಾಲದ ಡ್ರಾಯಿಂಗ್‌ನ ಪ್ರತಿ ತಂದಿದ್ದರು. ಮಡಿಕೆಗಳಲ್ಲಿ ಹರಿದು, ಸೆಲ್ಲೋಟೇಪ್ ಹಚ್ಚಿದ ಹಾಳೆ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿತ್ತು: ‘ಎಡ ಗ್ರೂವ್ ಕೆಳಗೆ ಬಿಗಿ’. ಗ್ರೂವ್ ಅಂದರೆ ಜಾಲರಿಯ ಪ್ಯಾನೆಲ್ ಜಾರಿ ಇಳಿಯುವ ಗಾಡಿ. ಅಷ್ಟನ್ನು ನಂಬಿ ಅಲ್ಲಿ ಮತ್ತೊಮ್ಮೆ ಅಳತೆ ತೆಗೆಸಿದೆವು. ಬಿಗಿಯಿತ್ತು. ಗೊತ್ತಿಲ್ಲದೆ ಇಳಿಸಿದ್ದರೆ ಹೊಸ ಪ್ಯಾನೆಲ್ ಅರ್ಧದಲ್ಲೇ ಕಚ್ಚಿಕೊಂಡು, ಎತ್ತಲೂ ಆಗದೆ ಇಳಿಸಲೂ ಆಗದೆ ಬೇಸಿಗೆಯೆಲ್ಲ ಅಲ್ಲೇ ಕಳೆದುಹೋಗುತ್ತಿತ್ತು.

ಕರಾವಳಿಯಿಂದ ಬಂದ ಡೈವರ್‌ಗಳಿಗೆ ಏನು ಹೇಳಿದರೂ ಕಡಿಮೆ. ಹತ್ತು ಮೀಟರ್ ಕೆಳಗಿಳಿದರೆ ಮೈಮೇಲಿನ ಒತ್ತಡ ದುಪ್ಪಟ್ಟು. ಹೂಳು ಕದಡಿತೆಂದರೆ ಹೆಲ್ಮೆಟ್ಟಿನ ದೀಪವೂ ಕೆಲಸಕ್ಕೆ ಬಾರದು. ಬೋಲ್ಟಿನ ತಲೆಯನ್ನು ಬೆರಳಲ್ಲಿ ತಡವಿ, ಎಷ್ಟು ಸವೆದಿದೆ ಎಂದು ಮಾತಿನ ವೈರಿನಲ್ಲಿ ಮೇಲಕ್ಕೆ ಹೇಳುತ್ತಿದ್ದರು. ಆದರೆ ಅವರಿಗೆ ಆಳಕ್ಕಿಂತ ದೊಡ್ಡ ಅಪಾಯ ಸೆಳೆತದ್ದು. ಯಾರಾದರೂ ಯೂನಿಟ್ ತೆರೆದರೆ ಜಾಲರಿಯ ಮುಂದಿರುವ ಮನುಷ್ಯ ಅದಕ್ಕೇ ಅಂಟಿಕೊಳ್ಳುತ್ತಾನೆ, ಬಿಡಿಸಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಯೂನಿಟ್ ಲಾಕ್ ಮಾಡಿದ ಬೀಗದ ಕೈ ಕಂಟ್ರೋಲ್ ರೂಮಿನಲ್ಲಿರದೆ ಡೈವಿಂಗ್ ಸೂಪರ್‌ವೈಸರ್ ಕೊರಳಲ್ಲಿರುತ್ತಿತ್ತು. ಕೊನೆಯ ಡೈವರ್ ಮೆಟ್ಟಿಲು ಹತ್ತಿ ಹೆಲ್ಮೆಟ್ ತೆಗೆಯುವ ತನಕ ಆ ದಾರ ಅವರು ಬಿಚ್ಚುತ್ತಿರಲಿಲ್ಲ. ಆ ಶಿಸ್ತನ್ನು ನಮ್ಮ ಹುಡುಗರು ಕಣ್ಣಾರೆ ನೋಡಿ ಕಲಿತರಲ್ಲ, ಅದೂ ನಮಗೆ ಸಿಕ್ಕ ಉಡುಗೊರೆಯೇ.

ಗ್ಯಾಂಟ್ರಿ ಕ್ರೇನ್ ನಡೆಸಿದ ಅಣ್ಣನಿಗೆ ನೀರೊಳಗಿನದು ಏನೂ ಕಾಣುತ್ತಿರಲಿಲ್ಲ. ಸಿಗ್ನಲ್ ಕೊಡುವವರ ಕೈ ನೋಡಿಕೊಂಡೇ ಟನ್‌ಗಟ್ಟಲೆ ಉಕ್ಕನ್ನು ಇಂಚಿಂಚಾಗಿ ಇಳಿಸಿದರು. ಕಪ್ಪೆಚಿಪ್ಪು, ಬೇರು, ಹೂಳು ಮೆತ್ತಿಕೊಂಡ ಹಳೆಯ ಪ್ಯಾನೆಲ್‌ಗಳು ಮೇಲೆ ಬಂದಾಗ ಅದನ್ನೆಲ್ಲ ಕೆರೆದು ತೆಗೆದ ಗುತ್ತಿಗೆ ಕಾರ್ಮಿಕರಿಗೂ ನಾವು ಋಣಿಗಳು. ದಿನಗೂಲಿ ಎಂದು ಅವರ ಹೆಸರು ಯಾವ ಫಲಕದಲ್ಲೂ ಬರುವುದಿಲ್ಲ. ಅದು ನನಗೆ ಸರಿ ಕಾಣುವುದಿಲ್ಲ.

ಯಾವ ವಿದ್ಯುದಾಗಾರ ಯಾವಾಗ ಎಷ್ಟು ಕರೆಂಟು ಕೊಡಬೇಕೆಂದು ಹೇಳುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದವರನ್ನು ಮರೆಯುವಂತಿಲ್ಲ. ಜಲಾಶಯದ ಮಟ್ಟ ಇಳಿದಿರುವುದು ಬೇಸಿಗೆಯಲ್ಲಿ, ರಾಜ್ಯಕ್ಕೆ ಕರೆಂಟು ಹೆಚ್ಚು ಬೇಕಾಗುವುದೂ ಅದೇ ಬೇಸಿಗೆಯಲ್ಲಿ. ಸಂಜೆ ಸೌರವಿದ್ಯುತ್ ಇಳಿದ ಕೂಡಲೇ ಜಲವಿದ್ಯುತ್ತಿಗೆ ಕೈಚಾಚುವ ಹೊತ್ತಿನಲ್ಲೂ ನಮಗೆ ಶಟ್‌ಡೌನ್ ಕೊಟ್ಟು, ನಡುವೆ ವಾಪಸ್ ಕೇಳಲಿಲ್ಲ. ರಾತ್ರಿ ಪಾಳಿಯವರಿಗೆ ಬಿಸಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ಕಳಿಸಿದ ಕ್ಯಾಂಟೀನಿನ ಅಕ್ಕನಿಗೂ ವಂದನೆ.

ಪಕ್ಕದ ಯೂನಿಟ್‌ನ ಜಾಲರಿ ಇನ್ನೂ ಹಳೆಯದೇ, ಅದರ ಸರದಿ ಮುಂದಿನ ಬೇಸಿಗೆಗೆ. ಅದೇ ಡೈವರ್‌ಗಳು ಬರಲು ಒಪ್ಪಿದ್ದಾರೆ. ಫೋರ್‌ಮನ್ ಅವರು ಆ ಯೂನಿಟ್‌ನ ಡ್ರಾಯಿಂಗನ್ನೂ ಹುಡುಕಿಕೊಡುತ್ತೇನೆ ಎಂದಿದ್ದಾರೆ.