ಓದಿ ಹೇಳಿದವರಿಗೆ ತಾಂಬೂಲ

ಬಸವನಗುಡಿ, ಬೆಂಗಳೂರು

ಪ್ರೀತಿಯ ಮಗೂ,

ನೀನು ಕಳಿಸಿದ ಬರಹವನ್ನು ಎರಡು ಸಲ ಓದಿದೆ. ಒಂದು ಸಲ ಮನಸ್ಸಿನಲ್ಲೇ, ಇನ್ನೊಂದು ಸಲ ಗಟ್ಟಿಯಾಗಿ. ದುಡ್ಡು ತೆಗೆದುಕೊಳ್ಳದೆ ಒಂದು ಇಡೀ ಕಾದಂಬರಿಯನ್ನು ಓದಿ, ರೆಕಾರ್ಡ್ ಮಾಡಿ, ಯಾರು ಬೇಕಾದರೂ ಕೇಳಿಕೊಳ್ಳಲಿ ಅಂತ ಬಿಟ್ಟವರಿಗೆ ನಾಲ್ಕು ಮಾತು ಬರೆಯಬೇಕು ಅಂತ ನಿನಗೆ ಅನ್ನಿಸಿತಲ್ಲ, ಅದೇ ನನಗೆ ದೊಡ್ಡ ಸಂತೋಷ. ಕಥೆ ಬರೆದವರಿಗೆ ಕಾಗದ ಬರೆಯುವವರನ್ನು ನೋಡಿದ್ದೇನೆ. ಕಥೆ ಓದಿ ಹೇಳಿದವರಿಗೆ ಬರೆಯುವವರು ಕಡಿಮೆ.

ಆದರೆ ನಿನ್ನ ಬರಹದಲ್ಲಿ ಆ ಓದಿದವರು ನನಗೆ ಕಾಣಿಸಲಿಲ್ಲ. ‘ಮಧುರ ಕಂಠ’ ಇದೆ. ‘ಮನಮುಟ್ಟುವ ಶೈಲಿ’ ಇದೆ. ‘ಹೃತ್ಪೂರ್ವಕ ಧನ್ಯವಾದ’ ಮೂರು ಕಡೆ ಇದೆ. ಈ ಮಾತುಗಳನ್ನು ಯಾರಿಗೆ ಬೇಕಾದರೂ ಹೇಳಬಹುದು. ಅವರಿಗೇ ಹೇಳಬಹುದಾದ ಮಾತು ನಿನ್ನ ಕೊನೆಯ ಪುಟದಲ್ಲಿ ಒಂದೇ ಒಂದು ಸಾಲಿನಲ್ಲಿ ಸಿಕ್ಕಿತು. ಸಿಲ್ಕ್ ಬೋರ್ಡಿನಲ್ಲಿ 500-ಡಿ ಬಸ್ಸು ಹತ್ತಿದೆ, ಕಿವಿಯಲ್ಲಿ ಕಥೆ ನಡೆಯುತ್ತಿತ್ತು, ಮಾರತಹಳ್ಳಿಯಲ್ಲಿ ಇಳಿಯುವುದು ಮರೆತು ಹೆಬ್ಬಾಳದವರೆಗೆ ಹೋದೆ ಅಂತ ಬರೆದಿದ್ದೀಯ. ಅಲ್ಲಿಂದ ಶುರು ಮಾಡು. ಆಗ ಯಾವ ಅಧ್ಯಾಯ ನಡೆಯುತ್ತಿತ್ತು? ಯಾರು ಯಾರಿಗೆ ಏನು ಹೇಳುತ್ತಿದ್ದರು? ಆ ದನಿ ಅಲ್ಲಿ ನಿಧಾನ ಮಾಡಿತಾ, ತಗ್ಗಿತಾ, ಸುಮ್ಮನಾಯಿತಾ? ಅದನ್ನು ಬರೆ. ‘ಧನ್ಯವಾದ’ ಅನ್ನುವ ಪದವೇ ಬೇಕಾಗುವುದಿಲ್ಲ.

ಇದನ್ನು ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನಿನಗೆ ಈವರೆಗೆ ಹೇಳಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಬಲಗಣ್ಣಿನ ರೆಟಿನಾ ಬಿಟ್ಟುಕೊಂಡಿತು. ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸಿನ ಗುಳ್ಳೆ ತುಂಬಿದರು. ಗುಳ್ಳೆ ಯಾವಾಗಲೂ ಮೇಲಕ್ಕೇರುತ್ತದೆ. ಅದು ಕಣ್ಣಿನ ಹಿಂಬದಿಗೆ ಹೋಗಿ ರೆಟಿನಾವನ್ನು ಒತ್ತಿ ಹಿಡಿಯಬೇಕು ಅಂದರೆ ಮುಖ ನೆಲದ ಕಡೆಗೇ ಇರಬೇಕು. ಹಗಲೂ ರಾತ್ರಿ ಹಾಗೇ ಬೋರಲು ಮಲಗಿದ್ದೆ. ಕೂತರೂ ತಲೆ ಬಗ್ಗಿಸಿಯೇ ಕೂರಬೇಕು. ಐವತ್ತು ವರ್ಷ ದಿನಾ ಓದಿದವನಿಗೆ ಒಂದು ಅಕ್ಷರವೂ ಇಲ್ಲ. ಎರಡನೇ ದಿನಕ್ಕೇ ನನ್ನ ಧೈರ್ಯ ಹೋಯಿತು.

ಆಗ ಮಗ ಫೋನಿನಲ್ಲಿ ಒಂದು ಹಳೆಯ ಕನ್ನಡ ಕಾದಂಬರಿ ಹಾಕಿ ದಿಂಬಿನ ಪಕ್ಕ ಇಟ್ಟು ಆಫೀಸಿಗೆ ಹೋದ. ಓದಿದವರು ಒಬ್ಬ ಹೆಂಗಸು. ಐವತ್ತು ದಾಟಿದ ದನಿ, ಹಳೇ ಮೈಸೂರು ಕಡೆಯ ಮಾತು. ಮೊದಲ ಅಧ್ಯಾಯದಲ್ಲಿ ಅವರಿಗೆ ಭಯ. ಪರೀಕ್ಷೆಗೆ ಕೂತ ಹಾಗೆ ಓದಿದ್ದರು. ಮೂರನೆಯದಕ್ಕೆ ಬರುವ ಹೊತ್ತಿಗೆ ಭಯ ಬಿಟ್ಟಿತ್ತು. ಏಳನೆಯದರಲ್ಲಿ ಜೋರು ನೆಗಡಿ, ಮೂಗು ಕಟ್ಟಿತ್ತು. ಒಂಬತ್ತನೆಯದರಲ್ಲೋ ಏನೋ, ತಾಯಿ ಮಗಳು ಜಗಳ ಆಡುವ ಜಾಗದಲ್ಲಿ ಹೊರಗಡೆ ಸೊಪ್ಪಿನವಳ ಕೂಗು ಕೇಳಿಸಿತು. ‘ದಂಟೂ, ಮೆಂತ್ಯಾ, ಸಬ್ಬಸಿಗೇ...’ ಇವರು ಓದುವುದು ನಿಲ್ಲಿಸಿದರು. ಕೂಗು ಬೀದಿಯ ತುದಿಗೆ ಹೋಗುವ ತನಕ ಕಾದರು. ಆಮೇಲೆ ಆ ವಾಕ್ಯವನ್ನು ಮೊದಲಿಂದ, ಅದೇ ಸಿಟ್ಟಿನಲ್ಲಿ ಓದಿದರು. ಮಧ್ಯದ ತುಂಡನ್ನು ಕತ್ತರಿಸಿ ತೆಗೆಯಬೇಕಿತ್ತು, ಮರೆತಿರಬೇಕು. ಆ ಮರೆವು ನನಗೆ ದೊಡ್ಡ ಉಪಕಾರ ಮಾಡಿತು. ನನಗೆ ಸರಿಯಾಗಿ ಕೇಳಿಸಲಿ ಅಂತ ಯಾರೋ ಒಬ್ಬರು ಒಂದು ಮನೆಯಲ್ಲಿ ಕಿಟಕಿಯ ಕಡೆ ಕಿವಿ ಕೊಟ್ಟುಕೊಂಡು ಕಾದಿದ್ದರು. ನಾನು ಯಾರೆಂದು ಅವರಿಗೆ ಗೊತ್ತೇ ಇಲ್ಲ. ಮುಖ ಕೆಳಗೆ ಮಾಡಿಕೊಂಡೇ ಅತ್ತೆ ಮಗೂ.

ಕಣ್ಣು ಸರಿಹೋದ ಮೇಲೆ ನಾನೂ ಒಂದು ಪುಸ್ತಕ ಓದಿ ಕೊಡೋಣ ಅಂತ ಕೂತೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಅವರ ಪುಸ್ತಕ ಎಲ್ಲರದೂ ಆಗುತ್ತದೆ. ಹೀಗೆ ಓದಿ ಕೊಡುವವರು ಹಳೆಯ ಪುಸ್ತಕಗಳನ್ನೇ ಜಾಸ್ತಿ ಆರಿಸುವುದು ಅದಕ್ಕೇ. ಎಂ. ಎಸ್. ಪುಟ್ಟಣ್ಣನವರು ತೀರಿಕೊಂಡದ್ದು 1930ರಲ್ಲಿ. ಅವರ ‘ಮಾಡಿದ್ದುಣ್ಣೋ ಮಹಾರಾಯ’ ಬಂದದ್ದು 1915ರಲ್ಲಿ. ಅದನ್ನೇ ತೆಗೆದುಕೊಂಡೆ.

ಕೂತ ಮೇಲೆ ಗೊತ್ತಾಯಿತು. ಫ್ಯಾನ್ ಆರಿಸಬೇಕು, ಏಪ್ರಿಲ್ ಆದರೂ ಸರಿ. ಗೋಡೆಗೆ ದನಿ ಬಡಿದು ವಾಪಸ್ ಬರಬಾರದು ಅಂತ ರಗ್ಗು ತೂಗು ಹಾಕಬೇಕು. ಪಕ್ಕದ ಮನೆಯ ಬೋರ್‌ವೆಲ್ ಮೋಟರ್, ಮೇಲಿನ ಮನೆಯ ಮಿಕ್ಸಿ, ಎಲ್ಲೋ ಒಂದು ಕುಕ್ಕರ್. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಓದಿದರೆ ಕೋಗಿಲೆ. ‘ಫ’, ‘ಭ’ ಬಂದಾಗ ಉಸಿರು ಮೈಕಿಗೆ ಬಡಿದು ಡಬ್ ಅನ್ನುತ್ತದೆ. ತಪ್ಪು ಓದಿದ್ದನ್ನು ಹುಡುಕಿ ಕತ್ತರಿಸಬೇಕು. ಒಂದು ಗಂಟೆಯ ಓದು ಕೈಗೆ ಬರುವಾಗ ನನ್ನ ಐದು ಗಂಟೆ ಹೋಗಿತ್ತು. ನೀನು ಬಸ್ಸಿನಲ್ಲಿ ಕೇಳಿದ್ದು ಹದಿನಾಲ್ಕು ಗಂಟೆಯ ಪುಸ್ತಕ ಅಂತ ಬರೆದಿದ್ದೀಯ. ಲೆಕ್ಕ ಹಾಕಿಕೋ.

ಗದ್ದಲಕ್ಕಿಂತ ಕಷ್ಟ ಇನ್ನೊಂದಿದೆ. ಹಳೆಯ ಪುಸ್ತಕಗಳಲ್ಲಿ ಪದಗಳನ್ನು ಸಂಧಿ ಮಾಡಿ ಉದ್ದಕ್ಕೆ ಸೇರಿಸಿರುತ್ತಾರೆ. ವಾಕ್ಯ ಅರ್ಧ ಪುಟ ಹೋಗುತ್ತದೆ. ಎಲ್ಲಿ ಬಿಡಿಸಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದನ್ನು ಓದುವವರೇ ತೀರ್ಮಾನ ಮಾಡಬೇಕು. ತಪ್ಪು ಕಡೆ ಉಸಿರು ತೆಗೆದುಕೊಂಡರೆ ಅರ್ಥವೇ ಬೇರೆ. ನಮ್ಮ ಗಮಕಿಗಳು ಮಾಡುತ್ತಾ ಬಂದದ್ದು ಇದೇ ಕೆಲಸ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಪದ ಒಂದು ಸಾಲಿನಲ್ಲಿ ಶುರುವಾಗಿ ಇನ್ನೊಂದು ಸಾಲಿಗೆ ದಾಟುತ್ತದೆ. ಗಮಕಿ ಅದನ್ನು ಅರ್ಥಕ್ಕೆ ತಕ್ಕ ಹಾಗೆ ಒಡೆದು ಓದುತ್ತಾರೆ, ಕೇಳುವವರಿಗೆ ಪದ್ಯ ಅರ್ಧ ಅಲ್ಲೇ ತಿಳಿದುಬಿಡುತ್ತದೆ. ಹಾಗಾಗಿ ‘ಚೆನ್ನಾಗಿ ಓದಿದ್ದೀರಿ’ ಅನ್ನುವ ಬದಲು, ‘ಆ ಉದ್ದ ವಾಕ್ಯದಲ್ಲಿ ಇಂಥ ಪದದ ಹತ್ತಿರ ನಿಂತಿರಿ, ಆಗ ನನಗೆ ಅರ್ಥವಾಯಿತು’ ಅಂತ ಬರೆದು ನೋಡು. ಓದಿದವರಿಗೆ ಅದು ಮುಟ್ಟುತ್ತದೆ. ಅಲ್ಲಿ ಅವರು ಎಷ್ಟು ಸಲ ಓದಿ ಅಳಿಸಿದ್ದರೋ ನಮಗೇನು ಗೊತ್ತು.

ನಮ್ಮ ಊರಿನಲ್ಲಿ ಭಾರತ ಓದಿಸುತ್ತಿದ್ದರು. ಕೊನೆಯ ದಿನ ಮಂಗಳ ಆದ ಮೇಲೆ ಓದಿದವರಿಗೆ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಕೈಲಾದರೆ ಒಂದು ಪಂಚೆ. ನನ್ನ ಅಜ್ಜಿ ಇಷ್ಟಕ್ಕೇ ಬಿಡುತ್ತಿರಲಿಲ್ಲ. ತಟ್ಟೆ ಕೈಗೆ ಕೊಡುವಾಗ, ‘ನೆನ್ನೆ ಕರ್ಣನ ಜಾಗ ಓದಿದಿರಲ್ಲ, ರಾತ್ರಿಯೆಲ್ಲ ನಿದ್ದೆ ಬರಲಿಲ್ಲಪ್ಪ’ ಅನ್ನುತ್ತಿದ್ದರು. ಓದಿದವರ ಮುಖ ಅರಳುತ್ತಿದ್ದುದು ಆ ಮಾತಿಗೆ. ಈಗ ಓದುವವರು ಎಲ್ಲೋ, ಕೇಳುವವರು ಎಲ್ಲೋ. ತಟ್ಟೆ ಕೊಡುವುದಕ್ಕೆ ಆಗುವುದಿಲ್ಲ. ಅಜ್ಜಿಯ ಮಾತನ್ನಾದರೂ ಕಳಿಸಬಹುದು, ಅಲ್ವಾ?

ಹಕ್ಕು ಮುಗಿದ ಪುಸ್ತಕಗಳನ್ನು ಜನ ದುಡ್ಡಿಲ್ಲದೆ ಓದಿ ಇಂಟರ್ನೆಟ್ಟಿನಲ್ಲಿ ಎಲ್ಲರಿಗೆ ಬಿಡುವ ಲಿಬ್ರಿವಾಕ್ಸ್ ತಾಣದ ವಿಷಯ ನಿನ್ನ ಬರಹದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಬರೆ. 2005ರ ಆಗಸ್ಟಿನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹ್ಯೂ ಮೆಕ್‌ಗೈರ್ ಅನ್ನುವವರು ಶುರು ಮಾಡಿದ್ದು. ಅಲ್ಲಿ ಓದಲು ಆಡಿಷನ್ ಇಲ್ಲ. ಯಾವ ದೇಶದ, ಯಾವ ಉಚ್ಚಾರಣೆಯವರೂ ಓದಬಹುದು. ಓದಿದ ರೆಕಾರ್ಡಿಂಗ್ ಮೇಲೆ ಓದಿದವರಿಗೆ ಯಾವ ಹಕ್ಕೂ ಉಳಿಯುವುದಿಲ್ಲ, ಅದನ್ನೂ ಎಲ್ಲರಿಗೆ ಬಿಟ್ಟುಕೊಡುತ್ತಾರೆ. ಹೆಸರು ಹೇಳಲೇಬೇಕು ಅಂತಲೂ ಇಲ್ಲ. ನನಗೆ ಅದಕ್ಕಿಂತ ಇಷ್ಟವಾಗುವುದು ಅಲ್ಲಿ ಓದದೇ ಇರುವವರು. ಒಬ್ಬರು ಓದಿದ್ದನ್ನು ಇನ್ನೊಬ್ಬರು ಪೂರ್ತಿ ಕೇಳುತ್ತಾರೆ. ಸಾಲು ಬಿಟ್ಟು ಹೋಗಿದೆಯಾ, ಒಂದೇ ವಾಕ್ಯ ಎರಡು ಸಲ ಬಂದಿದೆಯಾ, ಮಧ್ಯೆ ಮೌನ ಜಾಸ್ತಿ ಆಯಿತಾ ಅಂತ ಗುರುತು ಹಾಕಿ ಕೊಡುತ್ತಾರೆ. ಅವರ ದನಿ ನಮಗೆ ಎಲ್ಲೂ ಕೇಳಿಸುವುದಿಲ್ಲ. ನಿನ್ನ ಬರಹದಲ್ಲಿ ಅವರಿಗೂ ಒಂದು ಜಾಗ ಕೊಡು.

ಇನ್ನೊಂದು ಮಾತು, ನಾನೇ ತಪ್ಪು ತಿಳಿದುಕೊಂಡಿದ್ದದ್ದು. ಒಳ್ಳೆಯ ಓದು ಅಂದರೆ ಭಾವ ತುಂಬಿ ಓದುವುದು ಅಂತ ನನ್ನ ಎಣಿಕೆ. ನಿನ್ನ ಎಣಿಕೆಯೂ ಅದೇ ಇದ್ದ ಹಾಗಿದೆ. ಕಣ್ಣು ಕಾಣದ ಒಬ್ಬ ಡಿಗ್ರಿ ವಿದ್ಯಾರ್ಥಿ ನನಗೆ ಇದನ್ನು ಬಿಡಿಸಿದ. ಅವನು ಪರೀಕ್ಷೆಗೆ ಓದುವುದೆಲ್ಲ ಯಾರೋ ಓದಿ ಕೊಟ್ಟ ಪಾಠಗಳಿಂದ. ‘ಸರ್, ನಾಟಕ ಮಾಡಬಾರದು. ಒಂದೇ ಸಮ ಓದಬೇಕು. ನಾನು ಡಬಲ್ ಸ್ಪೀಡಿನಲ್ಲಿ ಕೇಳುತ್ತೇನೆ, ದನಿ ಏರಿಳಿತ ಮಾಡಿದರೆ ಮಾತು ತಪ್ಪಿ ಹೋಗುತ್ತದೆ. ಪುಟದ ನಂಬರ್ ಹೇಳಬೇಕು. ಟೇಬಲ್ ಬಂದರೆ ಸಾಲು ಸಾಲಾಗಿ ಹೇಳಬೇಕು. ಬಿಟ್ಟು ಹೋಗಬಾರದು’ ಅಂದ. ಅವನಿಗೆ ಅರ್ಥಶಾಸ್ತ್ರದ ಪುಸ್ತಕ ಓದಿ ಕೊಟ್ಟವರೊಬ್ಬರು ಒಂದೂ ಟೇಬಲ್ ಬಿಟ್ಟಿರಲಿಲ್ಲವಂತೆ. ಅದನ್ನು ಹೇಳುವಾಗ ಅವನ ದನಿಯಲ್ಲಿ ಇದ್ದ ಪ್ರೀತಿಯನ್ನು ನಾನು ಯಾವ ಕಥೆಯಲ್ಲೂ ಬರೆದಿಲ್ಲ.

ನಮ್ಮ ಎಚ್‌ಎಸ್‌ಆರ್ ಲೇಔಟಿನಲ್ಲೇ ಕಣ್ಣು ಕಾಣದವರಿಗಾಗಿ ಕೆಲಸ ಮಾಡುವ ಮಿತ್ರಜ್ಯೋತಿ ಸಂಸ್ಥೆ ಇದೆ. 1990ರಲ್ಲಿ ಶುರುವಾದದ್ದು. ಅಲ್ಲಿ ಮಾತಾಡುವ ಪುಸ್ತಕಗಳ ಲೈಬ್ರರಿ ಇದೆ. ಒಂದು ದಿನ ಹೋಗಿ ಬಾ, ಕೇಳುವವರ ಜೊತೆ ಕೂತು ಮಾತಾಡು. ಇಂಥ ಕಡೆ ಹೊಸ ಪುಸ್ತಕಗಳನ್ನೂ ಓದುವುದಕ್ಕೆ ಕಾನೂನು ದಾರಿ ಬಿಟ್ಟಿದೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ತಂದರು. ಅಚ್ಚಾದದ್ದನ್ನು ಓದಲಾಗದವರಿಗಾಗಿ, ಲಾಭಕ್ಕಲ್ಲದೆ, ಪುಸ್ತಕವನ್ನು ಬೇರೆ ರೂಪಕ್ಕೆ ತಂದರೆ ಅನುಮತಿ ಬೇಕಿಲ್ಲ ಅಂತ ಆಯಿತು. ಇದೇ ವಿಷಯದ ಮೇಲೆ 2013ರಲ್ಲಿ ಮೊರಾಕ್ಕೊ ದೇಶದ ಮರಾಕೇಶ್‌ನಲ್ಲಿ ಒಪ್ಪಂದ ಆಯಿತು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅಂಗೀಕರಿಸಿದ ದೇಶ ನಮ್ಮದು. ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ. ಆದರೆ ಕಾಯ್ದೆ ಬಾಗಿಲು ತೆರೆಯುತ್ತದೆ ಅಷ್ಟೇ. ಒಳಗೆ ಹೋಗಿ ಬಾಯಿ ಒಣಗುವ ತನಕ ಓದಲು ಒಬ್ಬ ಮನುಷ್ಯ ಬೇಕು.

ಬರೆಯುವಾಗ ಎರಡು ವಿಷಯ ಬೇಡ. ಓದಿದವರ ತಪ್ಪು ಉಚ್ಚಾರಣೆಯನ್ನು ಹೊಗಳಿಕೆಯ ಮಧ್ಯೆ ಪಟ್ಟಿ ಮಾಡಬೇಡ. ‘ಒಂದೇ ಒಂದು ಸಣ್ಣ ಸಲಹೆ’ ಅಂತ ನಾಲ್ಕನೇ ಪ್ಯಾರಾದಲ್ಲಿ ಬರೆದಿದ್ದೀಯಲ್ಲ, ಅವರು ಮೇಲಿನದ್ದೆಲ್ಲ ಮರೆತು ಅದನ್ನೇ ಇಟ್ಟುಕೊಳ್ಳುತ್ತಾರೆ. ಒಂದು ಪುಟ ಬಿಟ್ಟು ಹೋಗಿದ್ದರೆ ಬೇರೆ ಕಾಗದದಲ್ಲಿ ತಿಳಿಸು, ಅದು ಉಪಕಾರ. ಎರಡನೆಯದು, ಅವರನ್ನು ದೇವರು ಮಾಡಬೇಡ. ‘ಅಕ್ಷರ ದೇವತೆ’ ಅಂತ ಬರೆದರೆ ಅವರ ನೆಗಡಿ, ಅವರ ಬೀದಿ, ಅವರ ಐದು ಗಂಟೆ ಎಲ್ಲ ಮಾಯವಾಗುತ್ತದೆ.

ನಾನು ಆ ಹೆಂಗಸಿಗೆ ಬರೆದೆನಾ ಅಂತ ನೀನು ಕೇಳಬಹುದು. ಬರೆದೆ, ತಡವಾಗಿ. ಮೂರು ಸಲ ಬರೆದು ಹರಿದೆ. ಮೂರರಲ್ಲೂ ನನ್ನ ಕಾಯಿಲೆ, ನನ್ನ ಸಾಹಿತ್ಯ, ನನ್ನ ಕಣ್ಣೀರು ತುಂಬಿತ್ತು. ನಾಲ್ಕನೆಯದು ಒಂದು ಪುಟವೂ ಆಗಲಿಲ್ಲ. ಏಳನೇ ಅಧ್ಯಾಯದ ನೆಗಡಿ ಎಂಟಕ್ಕೆ ವಾಸಿಯಾದದ್ದು ಕೇಳಿಸಿತು ಅಂತ ಬರೆದೆ. ತಾಯಿಯ ಮಾತನ್ನೂ ಮಗಳ ಮಾತನ್ನೂ ದನಿ ಬದಲಿಸದೆ, ಬರೀ ವೇಗದಲ್ಲಿ ಬೇರೆ ಮಾಡಿದ್ದನ್ನು ಬರೆದೆ. ಸೊಪ್ಪಿನವಳು ದಾಟಿ ಹೋಗುವ ತನಕ ನಾನೂ ನಿಮ್ಮ ಜೊತೆ ಕಾದೆ ಅಂತ ಬರೆದೆ.

ಎರಡು ತಿಂಗಳಿಗೆ ಉತ್ತರ ಬಂತು. ನಾಲ್ಕೇ ಸಾಲು. ಸೊಪ್ಪಿನವಳಿಗೆ ನಿಮ್ಮ ಕಾಗದ ಓದಿ ಹೇಳಿದೆ, ಅವಳು ನಂಬಲಿಲ್ಲ, ಫೋನಿನಲ್ಲಿ ಆ ಜಾಗ ಹಾಕಿ ಕೇಳಿಸಿದೆ, ತನ್ನ ದನಿ ತಾನೇ ಕೇಳಿ ಅವತ್ತು ಎರಡು ಕಟ್ಟು ಸಬ್ಬಸಿಗೆಗೆ ದುಡ್ಡು ತೆಗೆದುಕೊಳ್ಳಲಿಲ್ಲ ಅಂತ.

ಮುಂದಿನ ಭಾನುವಾರ ಬೆಳಿಗ್ಗೆ ಬಾ. ಹೆಬ್ಬಾಳದ ಬಸ್ಸಿನ ಅಧ್ಯಾಯ ಯಾವುದು ಅಂತ ಹುಡುಕಿಟ್ಟುಕೊಂಡು ಬಾ, ಇಬ್ಬರೂ ಕೂತು ಕೇಳೋಣ.

ನಿನ್ನ
ಮೇಷ್ಟ್ರು