ಬಚ್ಚಲ ಒಲೆಯ ಗಾಳಿ ಎಲ್ಲಿಗೆ ಹೋಗಬೇಕು?

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ಮುಂಬಯಿ, ಪುಣೆ ಕಡೆಯ ಪತ್ರಿಕೆಗಳ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಬಂದೇ ಬರುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ, ಬಾಗಿಲು ಒಡೆದು ನೋಡಿದರೆ ಪ್ರಾಣ ಹೋಗಿತ್ತು, ಪೊಲೀಸರು ಆಕಸ್ಮಿಕ ಸಾವೆಂದು ದಾಖಲಿಸಿಕೊಂಡಿದ್ದಾರೆ. ನಾಲ್ಕೇ ಸಾಲು. ಗೀಸರ್ ಗ್ಯಾಸಿನದೋ ಕರೆಂಟಿನದೋ, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ಎಷ್ಟೋ ಸಲ ಅದು ಇರುವುದೇ ಇಲ್ಲ. ನಾನೂ ಅದನ್ನು ಓದಿ 'ಪಾಪ' ಎಂದು ಪುಟ ತಿರುವಿದವನೇ. ಈ ಜನವರಿಯಲ್ಲಿ ಆ ನಾಲ್ಕು ಸಾಲು ನಮ್ಮ ಮನೆಯದಾಗುವುದು ಕೂದಲೆಳೆಯಲ್ಲಿ ತಪ್ಪಿತು. ಅದಕ್ಕೇ ಈ ಪತ್ರ.

ನಾನು ಕುಂದಾಪುರ ಕಡೆಯವನು. ಹದಿನೇಳಕ್ಕೆ ಬೊಂಬಾಯಿಗೆ ಬಂದು ಕ್ಲೀನರ್ ಆಗಿ ಸೇರಿ, ಆಮೇಲೆ ಭಟ್ಟಿ ಮುಂದೆ ನಿಂತು, ಕಡೆಗೆ ಗಲ್ಲಾದಲ್ಲಿ ಕೂತು, 41 ವರ್ಷ ಹೋಟೆಲಿನಲ್ಲೇ ಕಳೆದೆ. ಬೆಂಕಿ ನನಗೆ ಹೊಸತಲ್ಲ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಸುರಿಯಲು ಹೊರಟ ಹುಡುಗನ ಕೈಯಿಂದ ಚೊಂಬು ಕಿತ್ತುಕೊಂಡು, ಒಲೆ ಬಂದ್ ಮಾಡಿ, ಬಾಣಲೆಯ ಮೇಲೆ ಪರಾತ ಕವುಚಿ ಆರಿಸಿದ್ದೇನೆ. ಗ್ಯಾಸ್ ಸೋರಿದರೆ ಸ್ವಿಚ್ ಮುಟ್ಟಬಾರದು, ಸಿಲಿಂಡರಿನ ಗ್ಯಾಸ್ ಭಾರ, ನೆಲದಲ್ಲೇ ಹರಿಯುತ್ತದೆ. ಪೈಪಿನ ಗ್ಯಾಸ್ ಹಗುರ, ಮೇಲಕ್ಕೇರುತ್ತದೆ, ಇದೆಲ್ಲ ಗೊತ್ತು. ಮೂಗಿಗೆ ಬಡಿಯುವ ಆ ಕೊಳೆತ ವಾಸನೆ ಕೂಡ ಗ್ಯಾಸಿನದ್ದಲ್ಲ, ಜನರಿಗೆ ತಿಳಿಯಲೆಂದೇ ಮರ್ಕಾಪ್ಟನ್ ಎಂಬುದನ್ನು ಬೆರೆಸಿರುತ್ತಾರೆ. ಒಟ್ಟಿನಲ್ಲಿ, ಅಪಾಯ ಎಂದಮೇಲೆ ಅದು ಕಣ್ಣಿಗೋ ಮೂಗಿಗೋ ಬಂದೇ ಬರಬೇಕು ಎಂದು ನಂಬಿದ್ದೆ. ಆ ನಂಬಿಕೆಯೇ ಕೈಕೊಟ್ಟಿತು.

ಡೊಂಬಿವಲಿ ಪೂರ್ವದಲ್ಲಿ ಏಳು ಮಾಳಿಗೆಯ ಕಟ್ಟಡ, ಐದನೆಯದರಲ್ಲಿ ನಾವು. ಐದಡಿ ನಾಲ್ಕಡಿಯ ಬಾತ್‌ರೂಮ್. ಕರೆಂಟ್ ಬಿಲ್ಲಿಗೆ ಹೆದರಿ, ನಳ ತಿರುಗಿಸಿದ ಕೂಡಲೇ ಬಿಸಿನೀರು ಬರುತ್ತದೆಂಬ ಆಸೆಗೆ, ಅದರ ಗೋಡೆಗೇ ಗ್ಯಾಸ್ ಗೀಸರ್ ಹಾಕಿಸಿದ್ದೆ. ಕೂರಿಸಲು ಬಂದವನು ಮೇಲಿನ ಗಾಜಿನ ಪಟ್ಟಿಯ ಕಿಟಕಿ ತೋರಿಸಿ, "ಅಂಕಲ್, ಇದನ್ನು ಮುಚ್ಚಬೇಡಿ" ಎಂದದ್ದು ಈಗ ನೆನಪಾಗುತ್ತದೆ. ಮುಚ್ಚಿದವನು ನಾನೇ. ಪಾರಿವಾಳದ ಕಾಟ. ಎರಡು ಪಟ್ಟಿ ಮುರಿದ ಸಂದಿಯಲ್ಲಿ ನುಗ್ಗಿ ಗೀಸರಿನ ಮೇಲೆ ಹಿಕ್ಕೆ ಹಾಕುತ್ತಿದ್ದವು. ಟಿವಿ ಬಂದ ಪೆಟ್ಟಿಗೆಯ ಥರ್ಮಾಕೋಲನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ಸುತ್ತ ಟೇಪ್ ಅಂಟಿಸಿದೆ. ಗಾಳಿ ಹೋಗಲಿ, ಇರುವೆಯೂ ಹೋಗದ ಹಾಗೆ. ಬಹಳ ಚೆನ್ನಾಗಿ ಕೂತಿದೆ ಎಂದು ಮನೆಯವಳಿಗೆ ಕರೆದು ತೋರಿಸಿದ್ದೆ ಕೂಡ.

ಅದಾಗಿ ಮೂರು ವಾರ ಅವಳು ಸ್ನಾನ ಮಾಡಿ ಬಂದಾಗೆಲ್ಲ ತಲೆನೋವು ಎನ್ನುತ್ತಿದ್ದಳು. ಹೊತ್ತು ಏರಿದಂತೆ ಹೋಗುತ್ತಿತ್ತು. ಕಣ್ಣಿನದೇ ತೊಂದರೆ ಎಂದು ಕನ್ನಡಕ ಬದಲಾಯಿಸಿದೆವು.

ಆ ಭಾನುವಾರ ಊರಿನಿಂದ ಅಕ್ಕ, ಭಾವ, ಅವರ ಮಗಳು, ಅಳಿಯ ಬಂದಿದ್ದರು. ಮುಲುಂಡಿನಲ್ಲಿ ಮದುವೆ, ಎಲ್ಲರಿಗೂ ಅವಸರ. ಒಬ್ಬರ ಹಿಂದೆ ಒಬ್ಬರು ನಾಲ್ವರ ಸ್ನಾನ ಮುಗಿದು, ಕೊನೆಗೆ ತಲೆಗೆ ಎಣ್ಣೆ ಹಾಕಿಕೊಂಡಿದ್ದ ಸೊಸೆ ಹೋದಳು. ಮೊಮ್ಮಗ ಮಲಗಿದ್ದಾನೆ, ಫ್ಯಾನ್ ಶಬ್ದಕ್ಕೆ ಎಚ್ಚರವಾದಾನು ಎಂದು ಎಕ್ಸಾಸ್ಟ್ ಫ್ಯಾನ್ ಹಾಕಿರಲಿಲ್ಲ. ಒಂದು ತಾಸಿಗೂ ಹೆಚ್ಚು ಗೀಸರ್ ಉರಿದಂತಾಯಿತು. ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ. ಎದ್ದು ಬಂದ ಮೊಮ್ಮಗ ಬಾಗಿಲು ಬಡಿದು, "ಅಜ್ಜ, ಅಮ್ಮ ಮಾತಾಡುದಿಲ್ಲ" ಎಂದ.

ಮಗ ಭುಜ ಕೊಟ್ಟು ಚಿಲಕ ಮುರಿದ. ಬಕೆಟಿಗೆ ಒರಗಿ ಕುಸಿದಿದ್ದಳು. ಬಕೆಟ್ ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಸೀರೆ ಸುತ್ತಿ ಹಾಲಿಗೆ ಎಳೆತಂದು ಬಾಲ್ಕನಿ ಬಾಗಿಲು ತೆರೆದೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು, ವಾಂತಿ ಮಾಡಿದಳು. ಖಾಲಿ ಹೊಟ್ಟೆ, ಪಿತ್ತ ಎಂದರು ಭಾವ. ಅಕ್ಕ ಉಪ್ಪು ಮೆಣಸು ತಂದು ದೃಷ್ಟಿ ತೆಗೆದಳು. ಕೊರೋನಾ ಕಾಲದಲ್ಲಿ ತಂದಿದ್ದ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಯಂತ್ರವನ್ನು ಮಗ ಹುಡುಕಿ ಹಾಕಿದ. 98 ತೋರಿಸಿತು. ಅಬ್ಬ ಎಂದು ಎಲ್ಲರೂ ಉಸಿರು ಬಿಟ್ಟೆವು. ಶುಂಠಿ ಕಷಾಯ ಕೊಟ್ಟು ಮಲಗಿಸುವುದು, ಮದುವೆಗೆ ಉಳಿದವರು ಹೋಗುವುದು ಎಂದು ತೀರ್ಮಾನವೂ ಆಯಿತು.

ಎದುರು ಮನೆಯ ಮರಾಠಿ ಕಾಕು, ಅಂದರೆ ಚಿಕ್ಕಮ್ಮ, ಬಾರದಿದ್ದರೆ ಹಾಗೇ ಮಾಡುತ್ತಿದ್ದೆವು. ಆಕೆ ನರ್ಸ್ ಆಗಿ ನಿವೃತ್ತರಾದವರು. ಸೊಸೆಯ ಮುಖ ನೋಡುವ ಮೊದಲು ಬಾತ್‌ರೂಮಿಗೆ ಇಣುಕಿ, "ಗೀಝರ್ ಗ್ಯಾಸ್‌ಚಾ ಆಹೆ ಕಾ?" (ಗೀಸರ್ ಗ್ಯಾಸಿನದಾ?) ಎಂದು ಕೇಳಿದರು. ಹೌದೆಂದೆ. ಬೆರಳಿನ ಯಂತ್ರವನ್ನು ಕಿತ್ತು ಸೋಫಾದ ಮೇಲೆ ಎಸೆದು, ಈ ಕ್ಷಣ ಆಸ್ಪತ್ರೆಗೆ ನಡೆಯಿರಿ ಎಂದರು. ಬಾಗಿಲು ಮುರಿದು ಒಳಗೆ ಹೋಗಿದ್ದ ಮಗನಿಗೂ ಆಗಲೇ ತಲೆ ಧಿಮಿಗುಟ್ಟುತ್ತಿತ್ತು.

ಆಸ್ಪತ್ರೆಯಲ್ಲಿ ಬಿಗಿಯಾದ ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರು. ಡಾಕ್ಟರ್ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಬೆಂಕಿಗೆ ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟೆಲ್ಲ ಬೇರೆಯವರು ಹಿಡಿದು ಕೂತಂತೆ, ಆಮ್ಲಜನಕಕ್ಕೆ ಜಾಗವೇ ಇಲ್ಲ. ಬೆರಳಿನ ಯಂತ್ರಕ್ಕೆ ಸೀಟು ತುಂಬಿದ್ದಷ್ಟೇ ಕಾಣುತ್ತದೆ, ಕೂತವರು ಯಾರೆಂದು ತಿಳಿಯುವುದಿಲ್ಲ. ಅದಕ್ಕೇ ಆ 98. ಬೇರೆಯದೇ ರಕ್ತಪರೀಕ್ಷೆ ಬೇಕು. ಬರೀ ಹೊರಗಿನ ಗಾಳಿಯಲ್ಲಿದ್ದರೆ ರಕ್ತದಲ್ಲಿನ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ತಾಸು, ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ತಾಸಿನೊಳಗೆ. ಬಸುರಿಯಾದರೆ ಹೊಟ್ಟೆಯ ಕೂಸಿಗೆ ಇನ್ನೂ ಅಪಾಯ. ಗುಣವಾಗಿ ಮನೆಗೆ ಹೋದಮೇಲೂ ಕೆಲವರಿಗೆ ವಾರಗಳ ನಂತರ ಮರೆವು, ನಡಿಗೆಯಲ್ಲಿ ವ್ಯತ್ಯಾಸ ಕಾಣಿಸಿಕೊಳ್ಳಬಹುದು, ನೋಡುತ್ತಿರಿ ಎಂದರು. ನನ್ನ ಮನೆಯವಳ ಮೂರು ವಾರದ ತಲೆನೋವಿನ ಕತೆ ಕೇಳಿ ಅವರು ಏನೂ ಹೇಳಲಿಲ್ಲ, ಬರೆದುಕೊಂಡರು ಅಷ್ಟೆ.

ಊರಿನಲ್ಲಿ ನಮ್ಮ ಬಚ್ಚಲು ಮನೆಯಿಂದ ಹೊರಗಿತ್ತು. ತಾಮ್ರದ ಹಂಡೆ, ಕೆಳಗೆ ತೆಂಗಿನ ಸಿಪ್ಪೆ, ಮಡಲು ತುರುಕಿ ಉರಿ. ಹೊಗೆಗೆ ಕಣ್ಣು ಬಿಡಲಾಗುತ್ತಿರಲಿಲ್ಲ, ಆದರೆ ಹಂಚಿನ ಸಂದಿಯಲ್ಲಿ, ಅರ್ಧ ಗೋಡೆಯ ಮೇಲಿನಿಂದ ಎಲ್ಲ ಹೊರಗೆ ಹೋಗುತ್ತಿತ್ತು. ಇಲ್ಲಿ ಅದೇ ಹಂಡೆಯ ಒಲೆಯನ್ನು ಪೆಟ್ಟಿಗೆಯಂಥ ಕೋಣೆಯ ಗೋಡೆಗೆ ನೇತುಹಾಕಿ, ಚಿಲಕ ಹಾಕಿಕೊಂಡು ಅದರ ಕೆಳಗೆ ಕೂತು ಮೀಯುತ್ತೇವೆ. ನಾಲ್ಕು ದಶಕ ಒಲೆಯ ಮುಂದೆ ನಿಂತವನಿಗೂ ಇದು ಹೊಳೆಯಲಿಲ್ಲವಲ್ಲ ಮಾರಾಯ್ರೆ.

ಬಾಣಂತಿ ಕೋಣೆಯ ಕತೆಯೂ ಅಷ್ಟೇ. ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವುದು, ಬಾಣಂತಿಗೆ ಬೆಚ್ಚಗಿರಲೆಂದು ಮಂಚದ ಕೆಳಗೆ ಕೆಂಡ ಇಡುವುದು ನಮ್ಮಲ್ಲೂ ಇದೆ, ಇಲ್ಲಿನ ಮರಾಠಿಯವರ ಶೇಗಡಿಯೂ ಅದೇ. ಊರಿನ ಮನೆಗೆ ಅದು ನಡೆಯುತ್ತಿತ್ತು. ಕಿಟಕಿ ಜಡಿದು ಬಾಗಿಲ ಸಂದಿಗೆ ಬಟ್ಟೆ ತುರುಕಿದ ಫ್ಲಾಟಿನ ಬೆಡ್‌ರೂಮಿನಲ್ಲಿ ಇದ್ದಿಲು ಕೆಂಡ ಇಟ್ಟು ಮಲಗಿದರೆ ತಾಯಿ ಮಗು ಇಬ್ಬರೂ ಏಳಲಿಕ್ಕಿಲ್ಲ. ಊರಿನಿಂದ ಬಾಣಂತನಕ್ಕೆ ಬರುವ ಅಮ್ಮಂದಿರಿಗೆ ಇದನ್ನು ಯಾರಾದರೂ ಹೇಳಬೇಕು. ಅಳಿಯ ಹೇಳಿದರೆ ಕೇಳುವುದಿಲ್ಲ. ಪತ್ರಿಕೆ ಹೇಳಿದರೆ ಕೇಳಬಹುದು.

ಆ ದಿನದ ಇನ್ನೊಂದು ಸಂಗತಿ. ಲಿಫ್ಟಿನಲ್ಲಿ ಮಲಗಿಸಿ ಒಯ್ಯಲಾಗದೆ ಸೊಸೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿನಲ್ಲಿ ಇಳಿಸಿದೆವು. ಮೂರನೆಯ ಮಾಳಿಗೆಯ ತಿರುವಿನಲ್ಲಿ ಚಪ್ಪಲಿ ಕಪಾಟಿಗೆ ಕುರ್ಚಿಯ ಕಾಲು ಸಿಕ್ಕಿತು. ಅದರಾಚೆ ಸೈಕಲ್, ಹಳೆಯ ಗಾದಿ, ತುಳಸಿ ಕುಂಡ. ಹಗಲು, ಬೆಳಕಿತ್ತು, ಹೊಗೆ ಇರಲಿಲ್ಲ. ಆದರೂ ದಾಟುವಷ್ಟರಲ್ಲಿ ಸಾಕಾಯಿತು. ಮೀಟರ್ ಪೆಟ್ಟಿಗೆಗೆ ಬೆಂಕಿ ಬಿದ್ದು ರಾತ್ರಿ ಮೆಟ್ಟಿಲು ಪೂರ್ತಿ ಹೊಗೆ ತುಂಬಿದರೆ ಏನು ಗತಿ? ವಾಪಸು ಬಂದು ಬಾಲ್ಕನಿಯ ಗ್ರಿಲ್ಲಿಗೆ ಹಾಕಿದ್ದ ಬೀಗದ ಚಾವಿ ಹುಡುಕಿದೆ. ಇಪ್ಪತ್ತು ನಿಮಿಷದ ಮೇಲೆ ಗೋದ್ರೆಜ್ ಕಪಾಟಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ ಸಿಕ್ಕಿತು. ಬೀಗ ತುಕ್ಕು ಹಿಡಿದು ತಿರುಗಲಿಲ್ಲ. ಈಗ ಹೊಸ ಬೀಗ, ಚಾವಿ ಗ್ರಿಲ್ಲಿನ ಪಕ್ಕದ ಮೊಳೆಯಲ್ಲೇ.

ಮಹಾರಾಷ್ಟ್ರದಲ್ಲಿ 2006ರ ಅಗ್ನಿ ಸುರಕ್ಷೆ ಕಾಯ್ದೆ ಇದೆ. ಅದರ ಪ್ರಕಾರ ಜನವರಿ ಮತ್ತು ಜುಲೈಯಲ್ಲಿ, ವರ್ಷಕ್ಕೆ ಎರಡು ಸಲ, ಲೈಸೆನ್ಸ್ ಇರುವ ಏಜೆನ್ಸಿಯಿಂದ ಅಗ್ನಿಶಾಮಕ ಉಪಕರಣ ಪರೀಕ್ಷೆ ಮಾಡಿಸಿ, ಅವು ಸರಿಯಾಗಿವೆ ಎಂಬ ಪ್ರಮಾಣಪತ್ರ 'ಫಾರ್ಮ್ ಬಿ' ಕೊಡಬೇಕು. ನಮ್ಮ ಸೊಸೈಟಿಗೂ ಅದೇ ತಿಂಗಳು ಏಜೆನ್ಸಿಯವನು ಬಂದಿದ್ದ. ಕೆಂಪು ಪೈಪು, ಸಿಲಿಂಡರುಗಳ ತಾರೀಕು ನೋಡಿ ಹೋದ. ಚಪ್ಪಲಿ ಕಪಾಟು ಅವನ ಕಣ್ಣಿಗೂ ಬಿದ್ದಿರಬೇಕು. ಮನೆಯೊಳಗಿನ ಗೀಸರ್ ನೋಡುವುದು ಅವನ ಕೆಲಸವಲ್ಲ, ಹಾಗಾದರೆ ಯಾರ ಕೆಲಸ?

ನಾವು ಗ್ಯಾಸ್ ಗೀಸರ್ ತೆಗೆದು 15 ಲೀಟರಿನ ಕರೆಂಟಿನದು ಹಾಕಿದೆವು. ಗ್ಯಾಸಿನದೇ ಬೇಕೆನ್ನುವವರು ಅದನ್ನು ಬಾತ್‌ರೂಮಿನ ಹೊರಗೆ, ತೆರೆದ ಜಾಗದಲ್ಲಿ ಕೂರಿಸಿ ಬಿಸಿನೀರಿನ ಪೈಪನ್ನಷ್ಟೇ ಒಳಗೆ ತರಲಿ. ಅದು ಆಗುವವರೆಗೆ ಬಕೆಟ್ ತುಂಬಿಸಿ, ಗೀಸರ್ ಬಂದ್ ಮಾಡಿ, ಆಮೇಲೆ ಸ್ನಾನಕ್ಕೆ ಹೋಗುವುದು. ಕಿಟಕಿ ತೆರೆದೇ ಇರುವುದು, ಬಾಗಿಲ ಕೆಳಗೆ ಗಾಳಿ ಬರುವ ಸಂದಿ ಇರುವುದು. ಬರೀ ಫ್ಯಾನ್ ಇದ್ದರೆ ಸಾಲದು, ಒಳಗೆ ಬರುವ ಗಾಳಿಗೂ ದಾರಿ ಬೇಕು. ನೀಲಿ ಇರಬೇಕಾದ ಉರಿ ಹಳದಿಯಾಗಿದ್ದರೆ ಆ ದಿನವೇ ಮೆಕ್ಯಾನಿಕ್‌ಗೆ ಹೇಳಿ. ಮಗ ಮಲಗುವ ಕೋಣೆಗಳ ನಡುವೆ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಹಾಕಿದ್ದಾನೆ. ಹೊಗೆಯ ಅಲಾರ್ಮ್ ಬೇರೆ, ಗ್ಯಾಸ್ ಸೋರಿಕೆಯ ಅಲಾರ್ಮ್ ಬೇರೆ, ಇದು ಬೇರೆ. ಅಂಗಡಿಯವರೇ ಗೊಂದಲ ಮಾಡುತ್ತಾರೆ, ಡಬ್ಬಿ ಓದಿ ತನ್ನಿ. ಸಿಲಿಂಡರ್ ಗ್ಯಾಸ್ ಸೋರಿಕೆಗೆ 1906, ಬೆಂಕಿಗೆ 101. ಮೊಮ್ಮಗ ಎರಡನ್ನೂ ಬಾಯಿಪಾಠ ಮಾಡಿದ್ದಾನೆ, ಮಗ್ಗಿ ಮಾತ್ರ ಬರುವುದಿಲ್ಲ.

ಸಂಪಾದಕರೇ, ಮುಂದಿನ ಸಲ ಆ ನಾಲ್ಕು ಸಾಲಿನ ಸುದ್ದಿ ಬಂದಾಗ ದಯವಿಟ್ಟು ಐದನೆಯ ಸಾಲೊಂದು ಸೇರಿಸಿ: ಗೀಸರ್ ಯಾವುದು, ಕಿಟಕಿ ಹೇಗಿತ್ತು. ನಮ್ಮ ಕನ್ನಡ ಸಂಘ, ಜಾತಿ ಸಂಘಗಳಿಗೂ ಒಂದು ವಿನಂತಿ. ರಕ್ತದಾನ ಶಿಬಿರ, ಕಣ್ಣಿನ ಶಿಬಿರ ಎಲ್ಲ ಮಾಡುತ್ತೀರಿ. ಊರಿನಿಂದ ಮೇಳ ಕರೆಸಿ ಯಕ್ಷಗಾನ ಇಟ್ಟಾಗ ಸಭಾ ಕಾರ್ಯಕ್ರಮದಲ್ಲಿ ಮೂವತ್ತು ಜನರಿಗೆ ಶಾಲು ಹೊದೆಸುವ ಹೊತ್ತಿನಲ್ಲಿ ಹತ್ತು ನಿಮಿಷ ಉಳಿಸಿ ನನ್ನ ಕೈಗೆ ಮೈಕ್ ಕೊಡಿ. ಭಾಷಣ ಬರುವುದಿಲ್ಲ. ಥರ್ಮಾಕೋಲಿನ ಆ ತುಂಡು ಇನ್ನೂ ಇಟ್ಟುಕೊಂಡಿದ್ದೇನೆ, ಅದನ್ನು ತಂದು ತೋರಿಸುತ್ತೇನೆ.

ಇತಿ,
ನಿವೃತ್ತ ಹೋಟೆಲ್ ಕೆಲಸಗಾರ,
ಡೊಂಬಿವಲಿ ಪೂರ್ವ