ಕಂಪ್ಯೂಟರ್ ಕಣ್ಣು ಮೊದಲು ಸಾಲ ಕೊಟ್ಟವರ ಮೇಲೆ ಇರಲಿ: ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ನಾನು ರಬಕವಿ-ಬನಹಟ್ಟಿಯವಳು. ನಮ್ಮ ಓಣಿಯ ಮಹಿಳಾ ಸಂಘದ ಲೆಕ್ಕದ ಪುಸ್ತಕ ಬರೆಯುತ್ತೇನೆ. ಈಗ ಎಲ್ಲಿ ಹೋದರೂ ಎಐ ಮಾತೇ. ಬಡತನಕ್ಕೂ ಅದೇ ಮದ್ದಂತೆ, ಸಾಲಕ್ಕೂ ಅದೇ ಮದ್ದಂತೆ. ನಿಮ್ಮ ಕಚೇರಿಗೂ ಅದು ಬಂದೇ ಬರುತ್ತದೆ. ಬೇಡ ಅನ್ನುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಅದನ್ನು ಯಾರ ಮೇಲೆ ಬಿಡುತ್ತೀರಿ ಅಂತ ಕೇಳಬೇಕಾಗಿದೆ.

ಯಾಕೆಂದರೆ ಸರ್ಕಾರದ ಕೈಗೆ ಕಂಪ್ಯೂಟರ್ ಸಿಕ್ಕಾಗಲೆಲ್ಲ ಮೊದಲು ಹುಡುಕುವುದು ‘ಯಾರು ಬಡವರಲ್ಲ’ ಅಂತ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದಾದ ಗಲಾಟೆ ನಿಮಗೂ ನೆನಪಿರಬೇಕು. ಜನ ಕೂಗಾಡಿದ ಮೇಲೆ ಸರ್ಕಾರ ಕಾರ್ಡ್ ವಾಪಸ್ ಕೊಡಬೇಕಾಯಿತು. ಪಕ್ಕದ ತೆಲಂಗಾಣದಲ್ಲಿ ‘ಸಮಗ್ರ ವೇದಿಕ’ ಅನ್ನುವ ವ್ಯವಸ್ಥೆ ಬೇರೆ ಬೇರೆ ಇಲಾಖೆಗಳ ದಾಖಲೆ ಕೂಡಿಸಿ ಇವರ ಹತ್ತಿರ ಕಾರಿದೆ, ಇವರ ಹತ್ತಿರ ಆಸ್ತಿಯಿದೆ ಅಂತ ಗುರುತು ಹಾಕುತ್ತಿತ್ತು. ಹೆಸರು ಸ್ವಲ್ಪ ಹೋಲಿದರೆ ಸಾಕು, ಇನ್ಯಾರದೋ ಕಾರು ಬಡವರ ತಲೆಗೆ ಬಂತು. 2016ರಿಂದ ಅಲ್ಲಿ ರದ್ದಾಗಿದ್ದ ಸುಮಾರು 19 ಲಕ್ಷ ಕಾರ್ಡ್‌ಗಳನ್ನು ಮತ್ತೆ ಪರಿಶೀಲಿಸಿ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಅಷ್ಟು ವರ್ಷ ಅಕ್ಕಿ ಇಲ್ಲದೆ ಇದ್ದವರು ಏನು ಮಾಡಿರಬೇಕು? ಸಾಲವೇ ಅಲ್ವಾ?

ಆಸ್ಟ್ರೇಲಿಯಾದ ಕಥೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ರೋಬೋಡೆಟ್ ಅಂತ ಒಂದು ಯೋಜನೆ ಇತ್ತು. ಸಹಾಯಧನ ತೆಗೆದುಕೊಂಡವರ ವರ್ಷದ ಗಳಿಕೆಯನ್ನು ಕಂಪ್ಯೂಟರ್ 26 ಸಮಪಾಲು ಮಾಡಿತು. ಎರಡೆರಡು ವಾರಕ್ಕೂ ಇಷ್ಟಿಷ್ಟು ಗಳಿಸಿದ್ದೀರಿ, ಹಾಗಾಗಿ ಸಹಾಯಧನ ಜಾಸ್ತಿ ತೆಗೆದುಕೊಂಡಿದ್ದೀರಿ, ವಾಪಸ್ ಕಟ್ಟಿ ಅಂತ ಲಕ್ಷಾಂತರ ಜನರಿಗೆ ನೋಟಿಸ್ ಹೋಯಿತು. (ಎಐ ಕೂಡ ಅಲ್ಲ ಅದು, ಬರೀ ಭಾಗಾಕಾರ.) ನಾಲ್ಕು ತಿಂಗಳು ದುಡಿದು ಎಂಟು ತಿಂಗಳು ಕೆಲಸವಿಲ್ಲದೆ ಕೂತವರೂ ಇರುತ್ತಾರೆ ಅಂತ ಆ ಲೆಕ್ಕಕ್ಕೆ ಹೊಳೆಯಲೇ ಇಲ್ಲ. ಅದು ಕ್ರೂರ, ಕಾನೂನಿಗೂ ವಿರುದ್ಧ ಅಂತ 2023ರಲ್ಲಿ ಅಲ್ಲಿನ ರಾಯಲ್ ಕಮಿಷನ್ (ಸರ್ಕಾರ ನೇಮಿಸಿದ ತನಿಖಾ ಆಯೋಗ) ಹೇಳಿತು. ಈಗ ನಮ್ಮ ಜಿಲ್ಲೆ ನೋಡಿ. ಕಬ್ಬು ಕಡಿಯುವವರಿಗೆ ಹಂಗಾಮಿನಲ್ಲಿ ಮಾತ್ರ ಕೂಲಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ನೇಯುವವರಿಗೆ ಮದುವೆ, ಹಬ್ಬ ಬಂದರೆ ದುಡ್ಡು, ಇಲ್ಲದಿದ್ದರೆ ಮಗ್ಗ ಸುಮ್ನೆ ನಿಂತಿರುತ್ತದೆ. ಇವರ ವರ್ಷದ ಗಳಿಕೆಯನ್ನು 12ರಿಂದ ಭಾಗಿಸಿ ತಿಂಗಳ ಕಂತು ಕಟ್ಟುವ ಶಕ್ತಿ ಇದೆ ಅಂದರೆ ಅದಕ್ಕಿಂತ ದೊಡ್ಡ ಸುಳ್ಳಿಲ್ಲ.

ಹಾಗಾದರೆ ಎಐ ಎಲ್ಲಿ ಬೇಕು? ಸಾಲ ಕೊಡುವವರ ಕಡೆ.

ಕಿರುಸಾಲದ ಕಿರುಕುಳ ತಡೆಯುವುದಕ್ಕೆ 2025ರಲ್ಲಿ ನಮ್ಮ ರಾಜ್ಯ ಕಾನೂನು ಮಾಡಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಆ ಕಾನೂನಿನ ಕೆಳಗೆ ನೋಂದಣಿ ಮಾಡುವ ಅಧಿಕಾರ ಇರುವುದು ನಿಮ್ಮ ಕೈಯಲ್ಲಿ. ಆದರೆ ಬಾಗಿಲಿಗೆ ಬಂದವನು ನೋಂದಣಿ ಮಾಡಿಸಿದವನೋ ಅಲ್ಲವೋ ಅಂತ ನಮ್ಮ ಓಣಿಯ ಹೆಂಗಸರಿಗೆ ಹೇಗೆ ಗೊತ್ತಾಗಬೇಕು? ಒಂದು ಫೋನ್ ನಂಬರ್ ಕೊಡಿ. ಬಟನ್ ಫೋನಿನಿಂದಲೂ ಮಾತಾಡಿ ಕೇಳುವಂತಿರಲಿ. ಮಾತನ್ನು ಅರ್ಥಮಾಡಿಕೊಂಡು ಅನುವಾದಿಸುವ ಕೇಂದ್ರ ಸರ್ಕಾರದ ‘ಭಾಷಿಣಿ’ ವ್ಯವಸ್ಥೆಯಲ್ಲಿ ಕನ್ನಡ ಇದೆ, ಆದರೆ ನಮ್ಮ ಕಡೆಯ ಕನ್ನಡ ಅದಕ್ಕೆ ತಿಳಿಯುತ್ತದಾ ಅಂತ ಬನಹಟ್ಟಿಯಲ್ಲಿ, ಬಾದಾಮಿಯಲ್ಲಿ ಮೊದಲು ಪರೀಕ್ಷೆ ಮಾಡಿಸಿ. ‘ಮನೀ ಮುಂದ ಬಂದ್ ಕುಂತಾರ್ರೀ’ ಅಂದರೆ ಅದು ದೂರು ಅಂತ ಮೆಷಿನ್‌ಗೆ ಅರ್ಥವಾಗಬೇಕು.

ಇನ್ನೊಂದು ಕೆಲಸವೂ ಇದೆ. ವರ್ಷಕ್ಕೆ 3 ಲಕ್ಷದೊಳಗೆ ಗಳಿಸುವ ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಗಳಿಕೆಯ ಅರ್ಧ ಮೀರಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ 2022ರಿಂದಲೇ ಇದೆ. ಮೀರಿದ ಮನೆಗೂ ಮತ್ತೆ ಸಾಲ ಕೊಡುತ್ತಿರುವವರು ಯಾರು ಅಂತ ಪತ್ತೆ ಹಚ್ಚುವುದು ಕಂಪ್ಯೂಟರ್‌ಗೆ ಹೇಳಿಮಾಡಿಸಿದ ಕೆಲಸ. ಬಂದ ದೂರುಗಳಲ್ಲಿ ಒಂದೇ ಏಜೆಂಟ್, ಒಂದೇ ಊರು ಪದೇ ಪದೇ ಬಂದರೆ ಅದನ್ನೂ ಎತ್ತಿ ತೋರಿಸಲಿ. ಕೈಗಡ, ಚೀಟಿ, ಮಗ್ಗದ ಮಾಲೀಕರ ಹತ್ತಿರ ತೆಗೆದುಕೊಂಡ ಮುಂಗಡ ಬ್ಯಾಂಕಿನವರು ನೋಡುವ ಸಿಬಿಲ್ ಸಾಲದ ದಾಖಲೆಯಲ್ಲಿ ಕಾಣುವುದಿಲ್ಲ. ಅದನ್ನು ಮನೆಗೆ ಹೋಗಿ ಕೂತು ಕೇಳಬೇಕು. ಆ ಕೆಲಸ ಎಐ ಮಾಡುತ್ತದೆ ಅಂತ ಯಾರಾದರೂ ನಿಮಗೆ ಪ್ರಾಜೆಕ್ಟ್ ಮಾರಲು ಬಂದರೆ ನಂಬಬೇಡಿ.

ಮುಧೋಳ, ಜಮಖಂಡಿ ಕಡೆಯ ರೈತರ ಸಾಲಕ್ಕಂತೂ ಎಐ ಕೂಡ ಬೇಡ, ಕ್ಯಾಲೆಂಡರ್ ಸಾಕು. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಬರಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು ಅಂತ ಕೇಂದ್ರ ಸರ್ಕಾರದ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಯಾವ ಕಾರ್ಖಾನೆ ಎಷ್ಟು ದಿನ ತಡ ಮಾಡಿದೆ ಅಂತ ವಾರಕ್ಕೊಮ್ಮೆ ಪ್ರಕಟಿಸಿ, ಅಷ್ಟಾದರೂ ಮಾಡಿ.

ಒಳ್ಳೆಯ ಉದಾಹರಣೆ ಇಲ್ಲವೇ ಇಲ್ಲ ಅಂತಲ್ಲ. ಆಫ್ರಿಕಾದ ಟೋಗೋ ದೇಶ ಕೋವಿಡ್ ಹೊತ್ತಿನಲ್ಲಿ ಉಪಗ್ರಹ ಚಿತ್ರ, ಮೊಬೈಲ್ ಬಳಕೆ ನೋಡಿ ತೀರಾ ಬಡವರನ್ನು ಹುಡುಕಿ ಫೋನಿಗೇ ದುಡ್ಡು ಹಾಕಿತು. ಫೋನ್ ಇಲ್ಲದವರು ಅಲ್ಲೂ ಹೊರಗೇ ಉಳಿದರು ಅನ್ನುವುದು ಬೇರೆ ಮಾತು. ಆದರೆ ಅಲ್ಲಿ ಮೆಷಿನ್ ಹುಡುಕಿದ್ದು ಕೊಡುವುದಕ್ಕೆ.

ನಮ್ಮಲ್ಲೂ ಅದು ಬಡವರ ಪಟ್ಟಿಗೆ ಹೆಸರು ಸೇರಿಸಲಿ. ಹೆಸರು ತೆಗೆಯಬೇಕಾದರೆ ಮಾತ್ರ ಒಬ್ಬ ಮನುಷ್ಯ ಆ ಮನೆಗೆ ಹೋಗಬೇಕು, ಕಾರಣವನ್ನು ಕನ್ನಡದಲ್ಲಿ ಬರೆದು ಸಹಿ ಮಾಡಬೇಕು, ಮೇಲ್ಮನವಿ ತೀರುವವರೆಗೆ ಅಕ್ಕಿ, ದುಡ್ಡು ನಿಲ್ಲಿಸಬಾರದು. ಆ ಸಹಿ ಮಾಡುವ ಅಧಿಕಾರಿಯ ಹೆಸರು, ಕಚೇರಿಯ ನಂಬರ್ ಎರಡನ್ನೂ ಪ್ರತಿ ರೇಷನ್ ಅಂಗಡಿಯ ಗೋಡೆ ಮೇಲೆ ದೊಡ್ಡದಾಗಿ ಬರೆಸಿ.

ಇಂತಿ,
ರಬಕವಿ-ಬನಹಟ್ಟಿಯ ಸಂಘವೊಂದರ ಲೆಕ್ಕ ಬರೆಯುವವಳು